ಮಕ್ಕಳು ಮಲಗಿದ ಮೇಲೆ ಶುರುವಾಗುತ್ತಿದ್ದ ಕೆಲಸ: ಉರ್ಸುಲಾ ಕುಚಿನ್ಸ್ಕಿ ಪ್ರಕರಣ

ಉರ್ಸುಲಾ ಕುಚಿನ್ಸ್ಕಿ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಸೋವಿಯತ್ ಸೇನೆಯ ಗುಪ್ತಚರ ವಿಭಾಗಕ್ಕೆ ದುಡಿದಳು. ಚೀನಾ, ಪೋಲೆಂಡ್, ಸ್ವಿಟ್ಜರ್ಲೆಂಡ್, ಇಂಗ್ಲೆಂಡ್ ಎಂದು ಊರೂರು ತಿರುಗಿದಳು. ಆ ಅವಧಿಯಲ್ಲೇ ಮೂವರು ಮಕ್ಕಳನ್ನು ಹೆತ್ತಳು. ಮೂವರಿಗೂ ಅಪ್ಪಂದಿರು ಬೇರೆ ಬೇರೆ, ಆ ಮೂವರು ಗಂಡಸರೂ ಒಂದಲ್ಲ ಒಂದು ಹೊತ್ತಿನಲ್ಲಿ ಅದೇ ಕೆಲಸಕ್ಕೆ ಬಿದ್ದವರು. ಇಷ್ಟಾದರೂ ಬೇಹುಗಾರಿಕೆಯ ಆರೋಪದ ಮೇಲೆ ಆಕೆಯನ್ನು ಯಾರೂ ಒಮ್ಮೆಯೂ ಬಂಧಿಸಲಿಲ್ಲ. 2000ದ ಜುಲೈನಲ್ಲಿ ಬರ್ಲಿನ್‌ನಲ್ಲಿ ತೀರಿಕೊಂಡಾಗ ವಯಸ್ಸು 93. ಈ ಕಸುಬಿನವರಿಗೆ ಇಂಥ ಸಾವು ಸಿಗುವುದು ಅಪರೂಪ. ಆಕೆಯನ್ನು ಈ ದಾರಿಗೆ ತಂದ ರಿಚರ್ಡ್ ಸೋರ್ಗೆಯನ್ನು ಜಪಾನಿಯರು 1944ರಲ್ಲಿ ಟೋಕಿಯೊದಲ್ಲಿ ಗಲ್ಲಿಗೇರಿಸಿದ್ದರು.

ಗೂಢಚಾರರ ಸಂಸಾರದ ಮಾತು ಬಂದಾಗ, ಮನೆ ಮತ್ತು ಕೆಲಸ ಎರಡನ್ನೂ ಹೇಗೆ ಸಂಭಾಳಿಸುತ್ತಾರೆ ಎಂದು ಕೇಳುವುದು ವಾಡಿಕೆ. ಉರ್ಸುಲಾಳ ಬದುಕನ್ನು ಹತ್ತಿರದಿಂದ ನೋಡಿದರೆ ಆ ಪ್ರಶ್ನೆ ಅಷ್ಟು ಸರಿಹೊಂದುವುದಿಲ್ಲ. ಆಕೆಯ ಕೆಲಸ ನಡೆದದ್ದೇ ಸಂಸಾರದ ಮರೆಯಲ್ಲಿ. ಮಗು, ಅಡುಗೆಮನೆ, ಬಟ್ಟೆಯ ಬೀರು, ಸೈಕಲ್, ನೆರೆಮನೆಯವರ ಜೊತೆಗಿನ ಹರಟೆ, ಇವೆಲ್ಲ ಆಕೆಯ ಸಲಕರಣೆಗಳು. ಹೀಗೆ ಮನೆಯನ್ನೇ ಮರೆ ಮಾಡಿಕೊಂಡವರಿಗೆ ಅಪಾಯ ಬಂದರೆ ಎಲ್ಲಿಂದ ಬರುತ್ತದೆ, ಅದರ ಬೆಲೆ ಯಾರು ಕೊಡುತ್ತಾರೆ ಎಂಬುದಷ್ಟೇ ನನ್ನ ಕುತೂಹಲ.

ಶಾಂಘೈ: ಶುರುವಾದದ್ದು ಹೀಗೆ

ಹುಟ್ಟಿದ್ದು 1907ರಲ್ಲಿ, ಬರ್ಲಿನ್‌ನ ಅನುಕೂಲಸ್ಥ ಯಹೂದಿ ಮನೆತನದಲ್ಲಿ. ಅಪ್ಪ ಹೆಸರಾಂತ ಜನಸಂಖ್ಯಾ ತಜ್ಞ, ಅಣ್ಣ ಯೂರ್ಗನ್ ಅರ್ಥಶಾಸ್ತ್ರಜ್ಞ. ಹದಿಹರೆಯದಲ್ಲೇ ಕಮ್ಯುನಿಸ್ಟ್ ಪಕ್ಷ ಸೇರಿದಳು. ವಾಸ್ತುಶಿಲ್ಪಿ ರೂಡಿ ಹ್ಯಾಂಬರ್ಗರ್‌ನನ್ನು ಮದುವೆಯಾಗಿ, ಅವನಿಗೆ ಶಾಂಘೈ ನಗರಾಡಳಿತದಲ್ಲಿ ಕೆಲಸ ಸಿಕ್ಕಿದ್ದರಿಂದ 1930ರಲ್ಲಿ ಅಲ್ಲಿಗೆ ಹೋದಳು. ಆಗ ಶಾಂಘೈನಲ್ಲಿ ಬಿಳಿಯರ ಬದುಕು ಎಂದರೆ ಕ್ಲಬ್ಬು, ಚಹಾ ಕೂಟ, ಕೈಗೊಬ್ಬ ಕಾಲಿಗೊಬ್ಬ ಆಳು. ಅದು ಆಕೆಗೆ ಬೇಗ ಬೇಸರ ತಂದಿತು.

ಅಮೆರಿಕದ ಪತ್ರಕರ್ತೆ ಆಗ್ನೆಸ್ ಸ್ಮೆಡ್ಲಿಯ ಪರಿಚಯವಾದದ್ದು ಅಲ್ಲೇ. ಸ್ಮೆಡ್ಲಿ ನಮಗೂ ತೀರಾ ದೂರದವಳಲ್ಲ. ಬರ್ಲಿನ್‌ನಲ್ಲಿ ಆಕೆ ವೀರೇಂದ್ರನಾಥ ಚಟ್ಟೋಪಾಧ್ಯಾಯರ ಜೊತೆ ಹಲವು ವರ್ಷ ಬಾಳಿದ್ದಳು. ಅವರು ಸರೋಜಿನಿ ನಾಯ್ಡು ಅವರ ತಮ್ಮ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಗಂಡನ ಕಡೆಯಿಂದ ಭಾವ. ಸೋವಿಯತ್ ನೆಲವನ್ನು ನಂಬಿ ಹೋದ ಆ ವೀರೇಂದ್ರನಾಥರನ್ನು 1937ರಲ್ಲಿ ಸ್ಟಾಲಿನ್‌ನ ಆಡಳಿತವೇ ಕೊಂದಿತು. ಆ ವರ್ಷವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಸ್ಮೆಡ್ಲಿಯ ಮೂಲಕ ಸೋರ್ಗೆ ಮನೆಗೆ ಬಂದ. ಮೊದಲು ಆಕೆಯಿಂದ ಕೇಳಿದ್ದು ದೊಡ್ಡದೇನಲ್ಲ: ಸಭೆಗೆ ಮನೆ ಬಿಟ್ಟುಕೊಡಬೇಕು, ಕಾಗದಪತ್ರ ಮತ್ತು ಪೆಟ್ಟಿಗೆಗಳನ್ನು ಜೋಪಾನ ಮಾಡಬೇಕು, ಒಳಗೆ ಮಾತು ನಡೆಯುವಾಗ ಹೊರಗೆ ನಿಗಾ ಇಡಬೇಕು. ಸರಕಾರಿ ಎಂಜಿನಿಯರುಗಳು ಬಂದುಹೋಗುವ ಮನೆಯಂತೆಯೇ ಅದೂ ಇತ್ತು, ಯಾರಿಗೂ ಅನುಮಾನ ಬರಲಿಲ್ಲ. 1931ರ ಫೆಬ್ರವರಿಯಲ್ಲಿ ಮೊದಲ ಮಗ ಮೈಕೆಲ್ ಹುಟ್ಟಿದ. ಕೂಸಿನ ತಾಯಿ ಎಂದ ಮೇಲೆ ಅನುಮಾನ ಇನ್ನೂ ಕಡಿಮೆ. 'ಸೋನ್ಯಾ' ಎಂಬ ಗುಪ್ತ ಹೆಸರು ಕೊಟ್ಟವನೂ ಸೋರ್ಗೆಯೇ.

ಗಂಡನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ರೂಡಿ ಒಳ್ಳೆಯವನು, ಎಡಪಂಥದ ಕಡೆ ಒಲವೂ ಇತ್ತು. ಆದರೆ ಚೀನಾದಲ್ಲಿ ಚಿಯಾಂಗ್ ಕೈ-ಶೆಕ್ ಆಡಳಿತ ಕಮ್ಯುನಿಸ್ಟರನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದ ಕಾಲದಲ್ಲಿ, ತನ್ನದೇ ಮನೆಯ ಮೇಲಿನ ಕೋಣೆಯಲ್ಲಿ ಏನು ನಡೆಯುತ್ತಿದೆ ಎಂದು ಅವನಿಗೆ ಹೇಳುವವರಿರಲಿಲ್ಲ. ಇಲ್ಲಿಂದಲೇ ಒಂದು ಅಭ್ಯಾಸ ಬೇರೂರಿತು. ಮನೆಯವರಿಗೆ ಎಷ್ಟು ಗೊತ್ತಿರಬೇಕು ಎಂದು ಉರ್ಸುಲಾ ಒಬ್ಬಳೇ ನಿರ್ಧರಿಸುವಳು. ಅಪಾಯದಲ್ಲಿ ಮಾತ್ರ ಎಲ್ಲರಿಗೂ ಪಾಲು.

ಮಗು ರಷ್ಯನ್ ಕಲಿತುಬಿಟ್ಟರೆ?

1933ರಲ್ಲಿ ಮಾಸ್ಕೊದಿಂದ ಕರೆ ಬಂತು. ರೇಡಿಯೊ ಟ್ರಾನ್ಸ್‌ಮಿಟರ್ ಕಟ್ಟುವುದು, ಮೋರ್ಸ್ ಸಂಕೇತ ಕಳಿಸುವುದು ಕಲಿಯಬೇಕು. ಮೈಕೆಲ್‌ಗೆ ಆಗ ಎರಡು ವರ್ಷ. ಅವನನ್ನು ಕರೆದೊಯ್ಯುವಂತಿಲ್ಲ ಎಂದರು. ಕಾರಣ ಸರಳ, ತೀರಾ ತಣ್ಣಗಿನದು: ಆ ವಯಸ್ಸಿನ ಮಗು ನಾಲ್ಕು ರಷ್ಯನ್ ಮಾತು ಕಲಿತರೂ ಸಾಕು, ಮುಂದೆ ಯಾರೆದುರಿಗೋ ಅಂದುಬಿಡುತ್ತದೆ, ಅಮ್ಮ ಎಲ್ಲಿಗೆ ಹೋಗಿದ್ದಳು ಎಂಬುದು ಬಯಲಾಗುತ್ತದೆ. ಉರ್ಸುಲಾ ಒಪ್ಪಿದಳು. ಮಗುವನ್ನು ಚೆಕೊಸ್ಲೊವಾಕಿಯಾದ ಬೆಟ್ಟದ ಊರಿನಲ್ಲಿದ್ದ ಅತ್ತೆ ಮಾವನ ಹತ್ತಿರ ಬಿಟ್ಟು ಅರ್ಧ ವರ್ಷಕ್ಕೂ ಜಾಸ್ತಿ ದೂರ ಇದ್ದಳು. ವಾಪಸು ಹೋದಾಗ ಮಗು ಅವಳನ್ನು ಹೊರಗಿನವರನ್ನು ನೋಡಿದ ಹಾಗೆ ನೋಡಿತು.

ಈ ಪ್ರಕರಣದಲ್ಲಿ ಆಕೆ ಮಾಡಿದ ಮೊದಲ ದೊಡ್ಡ ಆಯ್ಕೆ ಇದು. ಇದನ್ನು ಬಲವಂತ ಎಂದು ತೇಲಿಸಿಬಿಡಲು ನನಗೆ ಮನಸ್ಸಿಲ್ಲ. ಆಕೆ ಬೇಡ ಎನ್ನಬಹುದಿತ್ತು, ಆ ಹಂತದಲ್ಲಿ ಅದಕ್ಕೆ ಯಾರೂ ಶಿಕ್ಷೆ ಕೊಡುತ್ತಿರಲಿಲ್ಲ. ಆ ವರ್ಷವೇ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಿದ್ದ. ಯಹೂದಿ, ಅದರ ಮೇಲೆ ಕಮ್ಯುನಿಸ್ಟ್. ಸುಮ್ಮನೆ ಕೂರುವುದು ಆಕೆಯ ಕಣ್ಣಿಗೆ ದ್ರೋಹವಾಗಿ ಕಂಡಿರಬೇಕು. ಅದು ಅರ್ಥವಾಗುತ್ತದೆ. ಆದರೆ ಎರಡು ವರ್ಷದ ಮಗುವಿಗೆ ಹಿಟ್ಲರ್ ಅರ್ಥವಾಗುವುದಿಲ್ಲ, ಅಲ್ವಾ?

ಮುಂದಿನ ಸಲ ಮಗನನ್ನು ಬಿಟ್ಟುಹೋಗಲಿಲ್ಲ. 1934ರಲ್ಲಿ ಜಪಾನಿಯರ ಹಿಡಿತದಲ್ಲಿದ್ದ ಮಂಚೂರಿಯಾದ ಮುಕ್ಡೆನ್‌ಗೆ ಅವನನ್ನೂ ಕರೆದುಕೊಂಡೇ ಹೋದಳು. ಜೊತೆಗೆ ಕೆಲಸಕ್ಕೆ ಬಂದವನು ಯೋಹಾನ್ ಪಾತ್ರಾ ಎಂಬ ನಾವಿಕ. ಚೀನೀ ಗೆರಿಲ್ಲಾಗಳಿಗೆ ಸ್ಫೋಟಕಕ್ಕೆ ಬೇಕಾದ ರಾಸಾಯನಿಕ ಒದಗಿಸುವುದು, ರಾತ್ರಿ ಹೊತ್ತು ಸುದ್ದಿ ರವಾನಿಸುವುದು ಇಬ್ಬರ ಕೆಲಸ. ರಾಸಾಯನಿಕವನ್ನು ಬೇರೆ ಬೇರೆ ಅಂಗಡಿಗಳಲ್ಲಿ ಸ್ವಲ್ಪ ಸ್ವಲ್ಪವೇ ಕೊಳ್ಳಬೇಕು. ಸಿಕ್ಕಿಬಿದ್ದರೆ ಚಿತ್ರಹಿಂಸೆ, ಆಮೇಲೆ ಸಾವು. ಅಂಥ ಊರಿನಲ್ಲಿ ಮೂರು ವರ್ಷದ ಮಗುವನ್ನು ಇಟ್ಟುಕೊಂಡಿದ್ದಳು. ಬಿಟ್ಟುಹೋದರೆ ಒಂದು ತಪ್ಪು, ಕರೆದೊಯ್ದರೆ ಇನ್ನೊಂದು. ಸರಿಯಾದ ಮೂರನೇ ದಾರಿ ಎಂದರೆ ಕೆಲಸ ಬಿಡುವುದೊಂದೇ. ಅದನ್ನು ಆಕೆ ಯೋಚಿಸಿದ ಹಾಗೆ ಕಾಣುವುದಿಲ್ಲ.

1935ರಲ್ಲಿ ಗೆರಿಲ್ಲಾ ಕಡೆಯ ಸಂಪರ್ಕದವನು ಸೆರೆ ಸಿಕ್ಕ. ತಕ್ಷಣ ಊರು ಬಿಡಿ ಎಂದು ಮಾಸ್ಕೊ ಹೇಳಿತು. ಅಷ್ಟರಲ್ಲಿ ಆಕೆ ಪಾತ್ರಾನಿಂದ ಬಸುರಿ. ಆಶ್ಚರ್ಯವೆಂದರೆ ರೂಡಿ ಈ ಹೊತ್ತಿನಲ್ಲಿ ಕೈಬಿಡಲಿಲ್ಲ. ಹುಟ್ಟುವ ಮಗು ತನ್ನದೇ ಎಂಬಂತೆ ಜೊತೆಗೆ ನಿಂತ, ಇಬ್ಬರೂ ಪೋಲೆಂಡ್‌ಗೆ ಹೋದರು. 1936ರ ಏಪ್ರಿಲ್‌ನಲ್ಲಿ ವಾರ್ಸಾದಲ್ಲಿ ನೀನಾ ಹುಟ್ಟಿದಳು. ಅಷ್ಟು ಹೊತ್ತಿಗೆ ರೂಡಿಯೂ ಹೆಂಡತಿಯ ಕೆಲಸಕ್ಕೆ ಸೇರುವ ಮನಸ್ಸು ಮಾಡಿದ್ದ.

1937ರಲ್ಲಿ ಮಾಸ್ಕೊ ಆಕೆಗೆ 'ಕೆಂಪು ಬಾವುಟ' ಪದಕ ಕೊಟ್ಟಿತು. ಅದೇ ವರ್ಷ ಅದೇ ಊರಿನಲ್ಲಿ ಆಕೆಯ ವಿಭಾಗದ ಹಿರಿಯ ಅಧಿಕಾರಿಗಳು, ವಿದೇಶದಿಂದ ಮರಳಿದ ಕಾರ್ಯಕರ್ತರು ಸ್ಟಾಲಿನ್‌ನ ಆಡಳಿತದ ಕೈಗೆ ಸಿಕ್ಕು ಒಬ್ಬೊಬ್ಬರಾಗಿ ಮಾಯವಾಗುತ್ತಿದ್ದರು. ಆಕೆ ಉಳಿದುಕೊಂಡಳು, ಕೆಲಸವನ್ನೂ ಮುಂದುವರಿಸಿದಳು. ಫ್ಯಾಸಿಸಂ ವಿರುದ್ಧ ಹೋರಾಡಿದವಳು ಎಂದು ಆಕೆಯನ್ನು ಹೊಗಳುವವರು ಈ ಜಾಗದಲ್ಲಿ ಸ್ವಲ್ಪ ಬೇಗ ಹೆಜ್ಜೆ ಹಾಕುತ್ತಾರೆ.

ಆಯಾ ಓಲೊ

ಇಡೀ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವವಳು ಉರ್ಸುಲಾ ಅಲ್ಲ, ಓಲ್ಗಾ ಮುತ್. ಕುಚಿನ್ಸ್ಕಿ ಮನೆಯ ಹಳೆಯ ಆಯಾ, ಎಲ್ಲರೂ ಓಲೊ ಎನ್ನುತ್ತಿದ್ದರು. ಉರ್ಸುಲಾ ಚಿಕ್ಕವಳಿದ್ದಾಗಲೇ ಆ ಮನೆಗೆ ಬಂದವಳು. ಮದುವೆಯಾಗಿರಲಿಲ್ಲ, ತನ್ನದು ಎನ್ನುವ ಸಂಸಾರ ಇರಲಿಲ್ಲ. ನೀನಾ ಹುಟ್ಟಿದಾಗ ಪೋಲೆಂಡ್‌ಗೆ ಬಂದಳು, ಆ ಮಗುವೇ ಅವಳ ಪ್ರಪಂಚವಾಯಿತು.

1938ರಲ್ಲಿ ಉರ್ಸುಲಾ ಮಕ್ಕಳು ಮತ್ತು ಓಲೊ ಜೊತೆ ಸ್ವಿಟ್ಜರ್ಲೆಂಡ್‌ಗೆ ಬಂದಳು. ಮಾಂಟ್ರೊ ಪಟ್ಟಣದ ಮೇಲಿನ ಕೋ ಎಂಬ ಬೆಟ್ಟದೂರಿನಲ್ಲಿ ಮನೆ. ಎದುರಿಗೆ ಆಲ್ಪ್ಸ್, ಕೆಳಗೆ ಜಿನೀವಾ ಸರೋವರ. ಟ್ರಾನ್ಸ್‌ಮಿಟರ್ ಇದ್ದದ್ದು ಬಟ್ಟೆಯ ಬೀರುವಿನಲ್ಲಿ. ಹಗಲು ಮಕ್ಕಳ ಊಟ, ತಿರುಗಾಟ, ಹಿಮದಾಟ. ರಾತ್ರಿ ಅವರು ನಿದ್ದೆ ಹೋದ ಮೇಲೆ ಮಾಸ್ಕೊಗೆ ಸಂದೇಶ. ಬೆಳಗ್ಗೆ ಎದ್ದು ಮತ್ತೆ ಮಕ್ಕಳ ಊಟ. ರಾತ್ರಿ ಪಾಳಿಯ ಕೆಲಸ ಮಾಡುವ ಯಾವ ತಾಯಿಗೂ ಈ ದಿನಚರಿ ಪರಿಚಿತವೇ. ಒಂದೇ ವ್ಯತ್ಯಾಸ, ಇಲ್ಲಿ ಸುಸ್ತಾಗಿದೆ ಎಂದು ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ.

ಓಲೊಗೆ ಮಾತ್ರ ವಿಷಯ ಗೊತ್ತಿತ್ತು. ಒಂದೇ ಸೂರಿನಡಿ ಇದ್ದವಳಿಂದ ಮುಚ್ಚಿಡುವುದು ಹೇಗೆ? ಅವಳಿಗೂ ನಾಜಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಹಾಗಾಗಿ ಅವಳ ಬಾಯಿ ಭದ್ರ ಎಂದು ಉರ್ಸುಲಾ ನಂಬಿದ್ದಳು.

ಈ ನಡುವೆ ಸ್ಪೇನ್ ಯುದ್ಧದಲ್ಲಿ ಹೋರಾಡಿ ಬಂದ ಇಬ್ಬರು ಇಂಗ್ಲಿಷರು ಕೆಲಸಕ್ಕೆ ಸಿಕ್ಕಿದ್ದರು, ಅಲೆಕ್ಸಾಂಡರ್ ಫೂಟ್ ಮತ್ತು ಲೆನ್ ಬ್ಯೂರ್ಟನ್. ಮ್ಯೂನಿಕ್‌ನಲ್ಲಿ ಹಿಟ್ಲರ್ ಊಟಕ್ಕೆ ಬರುತ್ತಿದ್ದ ಹೋಟೆಲಿನ ಮೇಲೆ ಕಣ್ಣಿಡುವ ಮಟ್ಟಕ್ಕೂ ಅವರ ಯೋಜನೆ ಹೋಗಿತ್ತು. 1939ರ ಆಗಸ್ಟ್‌ನಲ್ಲಿ ಸ್ಟಾಲಿನ್ ಮತ್ತು ಹಿಟ್ಲರ್ ಒಪ್ಪಂದ ಮಾಡಿಕೊಂಡ ಮೇಲೆ ಅದೆಲ್ಲ ನಿಂತಿತು. ಇತ್ತ ಉರ್ಸುಲಾಳ ಜರ್ಮನ್ ಪಾಸ್‌ಪೋರ್ಟ್ ಯಹೂದಿಯಾದ ಅವಳಿಗೆ ಇದ್ದೂ ಇಲ್ಲದಂತೆ. ಸ್ವಿಸ್ ಸರಕಾರ ಗಡಿಯಾಚೆ ಅಟ್ಟಿದರೆ ನೇರ ನಾಜಿಗಳ ಕೈಗೆ. ಬ್ರಿಟಿಷ್ ಪಾಸ್‌ಪೋರ್ಟ್ ಬೇಕು ಎಂದರೆ ಬ್ರಿಟಿಷ್ ಪ್ರಜೆಯನ್ನು ಮದುವೆಯಾಗಬೇಕು. ರೂಡಿಯಿಂದ ವಿಚ್ಛೇದನ ಪಡೆದು 1940ರ ಫೆಬ್ರವರಿಯಲ್ಲಿ ಲೆನ್‌ನನ್ನು ಮದುವೆಯಾದಳು. ಅವನು ಅವಳಿಗಿಂತ ಏಳು ವರ್ಷ ಚಿಕ್ಕವನು. ಕಾಗದಕ್ಕಾಗಿ ಗೊತ್ತಾದ ಮದುವೆ ನಿಜವಾದ ಪ್ರೀತಿಯೇ ಆಗಿ, 1997ರಲ್ಲಿ ಲೆನ್ ಸಾಯುವ ತನಕ ಉಳಿಯಿತು. ಇದನ್ನು ಕಾದಂಬರಿಯಲ್ಲಿ ಬರೆದರೆ ಸಂಪಾದಕರು ಒಪ್ಪಲಿಕ್ಕಿಲ್ಲ.

ಆದರೆ ಆ ಮದುವೆ ಓಲೊಗೆ ಸಿಡಿಲಿನಂತೆ ಬಡಿಯಿತು. ಉರ್ಸುಲಾ ಮಕ್ಕಳೊಂದಿಗೆ ಇಂಗ್ಲೆಂಡ್‌ಗೆ ಹೊರಟರೆ ಜರ್ಮನ್ ಪ್ರಜೆಯಾದ ಓಲೊ ಜೊತೆಗೆ ಹೋಗುವ ಹಾಗಿಲ್ಲ. ನೀನಾ ಕೈತಪ್ಪುತ್ತಾಳೆ. ರೂಡಿಗೆ ಮೋಸವಾಯಿತು ಎಂಬ ಸಿಟ್ಟೂ ಇತ್ತು. ಕೊನೆಗೆ ಅವಳು ಮಾಂಟ್ರೊದಲ್ಲಿದ್ದ ಬ್ರಿಟಿಷ್ ಕಾನ್ಸುಲ್ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಈ ಹೆಂಗಸು ಕಮ್ಯುನಿಸ್ಟ್, ಗೂಢಚಾರಿಣಿ, ಮನೆಯಲ್ಲಿ ಟ್ರಾನ್ಸ್‌ಮಿಟರ್ ಇಟ್ಟಿದ್ದಾಳೆ. ಪಾಸ್‌ಪೋರ್ಟ್ ಸಿಗದಿದ್ದರೆ ಮಗು ಇಲ್ಲೇ ಉಳಿಯುತ್ತದೆ ಎಂಬುದಷ್ಟೇ ಅವಳ ಲೆಕ್ಕ.

ಅವಳ ಇಂಗ್ಲಿಷ್ ತೀರಾ ತೊದಲು. ಕಚೇರಿಯವರು ತಲೆಕೆಟ್ಟ ಮುದುಕಿ ಎಂದುಕೊಂಡು ಕಳಿಸಿಬಿಟ್ಟರು.

ಗೆಸ್ಟಾಪೊ ಮುಟ್ಟದ, ಜಪಾನಿಯರು ಹಿಡಿಯದ, ಸ್ವಿಸ್ ಪೊಲೀಸರಿಗೆ ಸುಳಿವು ಸಿಗದ ಜಾಲ, ಮನೆಯ ಆಯಾ ಒಬ್ಬಳಿಗೆ ಇನ್ನೊಂದಿಷ್ಟು ಇಂಗ್ಲಿಷ್ ಬಂದಿದ್ದರೆ ಅಂದೇ ಮುಗಿಯುತ್ತಿತ್ತು. ಓಲೊ ಹಣಕ್ಕೆ ಮಾರಿಹೋದವಳಲ್ಲ, ನಾಜಿಗಳ ಕಡೆಯವಳೂ ಅಲ್ಲ. ಉರ್ಸುಲಾಳ ವ್ಯವಸ್ಥೆ ಓಲೊಳ ಪ್ರೀತಿಯನ್ನು ವರ್ಷಗಟ್ಟಲೆ ದುಡಿಸಿಕೊಂಡಿತ್ತು. ಅಮ್ಮ ಮಾಸ್ಕೊಗೋ ಮತ್ತೆಲ್ಲಿಗೋ ಹೋದಾಗ ಮಗುವಿಗೆ ಅಮ್ಮನಾಗಿದ್ದವಳು ಅವಳೇ. ಆಮೇಲೆ ಒಂದು ದಿನ, ನಿನಗೆ ಪಾಸ್‌ಪೋರ್ಟ್ ಇಲ್ಲ, ನೀನು ಇಲ್ಲೇ ಇರು ಎಂದರೆ? ದ್ರೋಹ ಮಾಡಿದ್ದು ಯಾರು, ಯಾರಿಗೆ ಎಂದು ನಾನು ಬೇಗ ತೀರ್ಪು ಕೊಡಲಾರೆ. ಗೂಢಚಾರ ಸಂಸ್ಥೆಗಳು ಸಂಪರ್ಕಗಳ ಪಟ್ಟಿ ಮಾಡುವಾಗ ಮಗುವನ್ನು ಎತ್ತಿ ಆಡಿಸುವವರನ್ನು ಸೇರಿಸುವುದಿಲ್ಲ. ಇಲ್ಲಿ ಎಲ್ಲರಿಗಿಂತ ಜಾಸ್ತಿ ಗೊತ್ತಿದ್ದದ್ದು ಅವಳಿಗೇ.

ಸುದ್ದಿ ಉರ್ಸುಲಾಳ ಕಿವಿಗೂ ಬಿತ್ತು. ಟ್ರಾನ್ಸ್‌ಮಿಟರ್ ಜಾಗ ಬದಲಾಯಿತು, ಓಲೊಳನ್ನು ಮನೆಯಿಂದ ಕಳಿಸಿದ್ದಾಯಿತು. 1940ರ ಕೊನೆಗೆ ಆಕೆ ಮಕ್ಕಳಿಬ್ಬರೊಂದಿಗೆ ಫ್ರಾನ್ಸ್, ಸ್ಪೇನ್, ಪೋರ್ಚುಗಲ್ ದಾಟಿ ಹೊರಟಳು. 1941ರ ಆರಂಭದಲ್ಲಿ ಲಿವರ್‌ಪೂಲ್ ತಲುಪಿದಳು. ಲೆನ್‌ಗೆ ಹೊರಡಲು ಅನುಮತಿ ಸಿಕ್ಕಿದ್ದು 1942ರಲ್ಲಿ.

ಆಕ್ಸ್‌ಫರ್ಡ್ ಸುತ್ತಮುತ್ತ

ಇಂಗ್ಲೆಂಡ್‌ನಲ್ಲಿ ಮನೆಯ ಮರೆ ಪೂರ್ತಿ ಫಲ ಕೊಟ್ಟಿತು. ಆಕೆ ಆಕ್ಸ್‌ಫರ್ಡ್ ಸುತ್ತಲಿನ ಹಳ್ಳಿಗಳಲ್ಲಿ, ಆಮೇಲೆ ಊರಿನ ಸಮ್ಮರ್‌ಟೌನ್ ಭಾಗದಲ್ಲಿ ಬಾಡಿಗೆಗೆ ಇದ್ದಳು. ಸಮ್ಮರ್‌ಟೌನ್ ಮನೆಯ ಮಾಲೀಕ ನೆವಿಲ್ ಲಾಸ್ಕಿ, ಹೆಸರಾಂತ ವಕೀಲ. ಏರಿಯಲ್ ತಂತಿ ಕಟ್ಟಲು ಮಾಲೀಕರ ಮನೆಯವರ ಒಪ್ಪಿಗೆಯನ್ನೇ ಕೇಳಿ ಪಡೆದಳು! ಕದ್ದು ಮಾಡಿದ್ದರೆ ಅನುಮಾನ ಬರುತ್ತಿತ್ತು.

ಇದೇ ಹೊತ್ತಿಗೆ ಅಣ್ಣ ಯೂರ್ಗನ್ ಮೂಲಕ ಕ್ಲೌಸ್ ಫುಕ್ಸ್‌ನ ಸಂಪರ್ಕವಾಯಿತು. ಜರ್ಮನಿಯಿಂದ ಓಡಿಬಂದ ಈ ಭೌತವಿಜ್ಞಾನಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಬ್ರಿಟನ್ನಿನ ಅಣುಬಾಂಬ್ ಯೋಜನೆಗೆ ಕೆಲಸ ಮಾಡುತ್ತಿದ್ದ. 1942ರಿಂದ ಇಬ್ಬರೂ ಬ್ಯಾನ್‌ಬರಿ ಕಡೆಯ ಹಳ್ಳಿದಾರಿಗಳಲ್ಲಿ ಭೇಟಿಯಾಗುತ್ತಿದ್ದರು. ಯಾರಾದರೂ ಕಂಡರೆ ಪ್ರೇಮಿಗಳು ಎಂದುಕೊಳ್ಳಲಿ ಎಂದು ತೋಳು ಹಿಡಿದು ನಡೆಯುವುದು, ಕಾಗದ ಕೈ ಬದಲಾಯಿಸಿ ಸೈಕಲ್ ಹತ್ತಿ ಮನೆಗೆ ಬರುವುದು. ರೇಡಿಯೊದಲ್ಲಿ ಕಳಿಸಲಾಗದಷ್ಟು ಉದ್ದದ ಕಾಗದಗಳನ್ನು ಲಂಡನ್ನಿನ ಸೋವಿಯತ್ ಸಂಪರ್ಕದವನಿಗೆ ಮುಟ್ಟಿಸುತ್ತಿದ್ದಳು. 1943ರ ಸೆಪ್ಟೆಂಬರ್‌ನಲ್ಲಿ ಮೂರನೇ ಮಗು ಪೀಟರ್ ಹುಟ್ಟಿದ. ಅಂದರೆ ಆ ಸೈಕಲ್ ಓಡಾಟದ ಎಷ್ಟೋ ತಿಂಗಳು ಆಕೆ ತುಂಬು ಬಸುರಿ. ಅಣುಬಾಂಬಿನ ಗುಟ್ಟು ಸ್ಟಾಲಿನ್ ಕೈಗೆ ಸೇರಿದ ದಾರಿಗಳಲ್ಲಿ ಇದೂ ಒಂದು.

ಬ್ರಿಟನ್ನಿನ ಆಂತರಿಕ ಗುಪ್ತಚರ ಸಂಸ್ಥೆ ಎಂಐ5 ಏನೂ ಕಾಣಲಿಲ್ಲ ಎನ್ನುವಂತಿಲ್ಲ, ಕಂಡದ್ದನ್ನು ಕೂಡಿಸಲಿಲ್ಲ. 1943ರ ಜನವರಿಯಲ್ಲಿ ಆಕ್ಸ್‌ಫರ್ಡ್ ಪೊಲೀಸನೊಬ್ಬ ವರದಿ ಕಳಿಸಿದ್ದ: ಈ ಮನೆಯಲ್ಲಿ ದೊಡ್ಡ ರೇಡಿಯೊ ಇದೆ, ಏರಿಯಲ್‌ಗಾಗಿ ಕಂಬ ನೆಟ್ಟಿದ್ದಾರೆ. ಕಡತದೊಳಗೆ ಕೂತಿತು ಅಷ್ಟೇ. ಮುಂದಿನ ವರ್ಷ ಅಮೆರಿಕದವರು ವಿಚಾರಿಸಿದಾಗ, ಆಕೆ ಮಕ್ಕಳು ಮನೆಗೆಲಸದಲ್ಲಿ ಮುಳುಗಿರುವಂತಿದೆ ಎಂಬ ಅರ್ಥದ ಉತ್ತರ ಹೋಯಿತು. ಎಂಐ5ನವರ ಅನುಮಾನ ಇದ್ದದ್ದು ಗಂಡ ಲೆನ್ ಮೇಲೆ. ಮೂರು ಮಕ್ಕಳ ತಾಯಿಗೆ ಇಂಥದ್ದಕ್ಕೆಲ್ಲ ಪುರುಸೊತ್ತು ಎಲ್ಲಿ ಎಂಬ ಗಂಡಸರ ನಂಬಿಕೆಯೇ ಆಕೆಯ ದೊಡ್ಡ ರಕ್ಷಣೆ. ಸುಳ್ಳು ಪಾಸ್‌ಪೋರ್ಟಿಗಿಂತ ಅದು ಗಟ್ಟಿ.

1945ರಲ್ಲಿ ಸಂಸಾರ ಗ್ರೇಟ್ ರೋಲ್‌ರೈಟ್ ಎಂಬ ಹಳ್ಳಿಗೆ ಹೋಯಿತು. ಎರಡು ವರ್ಷದ ಮೇಲೆ, ಸೋವಿಯತ್ ಪಾಳಯ ಬಿಟ್ಟು ಬಂದ ಫೂಟ್ ಹೇಳಿದ ಆಧಾರದ ಮೇಲೆ, ಎಂಐ5ನ ಜಿಮ್ ಸ್ಕಾರ್ಡನ್ ಮತ್ತು ಮೈಕೆಲ್ ಸರ್ಪೆಲ್ ಮನೆಗೇ ಬಂದರು. ನೀವು ಹಿಂದೆ ರಷ್ಯಾಕ್ಕೆ ಕೆಲಸ ಮಾಡಿದ್ದು ನಮಗೆ ಗೊತ್ತು ಎಂದರು. ಆಕೆ ಚಹಾ ಕೊಟ್ಟಳು, ಸಹಕರಿಸುವ ಮನಸ್ಸಿಲ್ಲ ಎಂದಳು. ಅವರು ವಾಪಸು ಹೋದರು.

ಲೆಕ್ಕ

1950ರ ಫೆಬ್ರವರಿ ಆರಂಭದಲ್ಲಿ ಫುಕ್ಸ್ ಬಂಧನವಾಯಿತು. ಅವನ ವಿಚಾರಣೆಗೆ ಒಂದು ದಿನ ಮುಂಚೆ, ಫೆಬ್ರವರಿ 28ರಂದು, ಉರ್ಸುಲಾ ನೀನಾ ಮತ್ತು ಪೀಟರ್‌ನನ್ನು ಕರೆದುಕೊಂಡು ವಿಮಾನ ಹತ್ತಿದಳು. ಸೇರಿದ್ದು ಪೂರ್ವ ಬರ್ಲಿನ್. ಬೈಕ್ ಅಪಘಾತದಲ್ಲಿ ಕಾಲು ಮುರಿದುಕೊಂಡಿದ್ದ ಲೆನ್ ಕೆಲವು ತಿಂಗಳ ಮೇಲೆ ಬಂದ. ಮೈಕೆಲ್ ಆಗ ಅಬರ್ಡೀನ್‌ನಲ್ಲಿ ಓದುತ್ತಿದ್ದ, ಹತ್ತೊಂಬತ್ತು ವರ್ಷ. ಅವನು ಅಲ್ಲೇ ಉಳಿದ. ಎರಡು ವರ್ಷದಲ್ಲಿದ್ದಾಗ ಬಿಟ್ಟುಹೋದ ಮಗನನ್ನು ಆಕೆ ಮತ್ತೆ ಬಿಟ್ಟುಹೋಗಿದ್ದಳು. ಮುಂದೆ ಅವನೂ ಬರ್ಲಿನ್‌ಗೆ ಬಂದು ಷೇಕ್ಸ್‌ಪಿಯರ್ ವಿದ್ವಾಂಸನಾದ.

ರೂಡಿಯ ಪಾಡು ಎಲ್ಲಕ್ಕಿಂತ ಕೆಟ್ಟದ್ದು. ಹೆಂಡತಿಯ ದಾರಿ ಹಿಡಿದವನಿಗೆ ಆಕೆಯ ಜಾಣ್ಮೆಯೂ ಇರಲಿಲ್ಲ, ಅದೃಷ್ಟವೂ ಇರಲಿಲ್ಲ. ಇರಾನ್‌ನಲ್ಲಿ ಸಿಕ್ಕಿಬಿದ್ದು ಸೋವಿಯತ್ ಒಕ್ಕೂಟಕ್ಕೆ ಮರಳಿದ. ಅಲ್ಲಿ ತಾನು ಯಾರಿಗಾಗಿ ದುಡಿದನೋ ಅವರೇ 1943ರಲ್ಲಿ ಹಿಡಿದು ಶ್ರಮಶಿಬಿರಕ್ಕೆ ಹಾಕಿದರು. ಪೂರ್ವ ಜರ್ಮನಿಗೆ ಬರಲು ಸಾಧ್ಯವಾದದ್ದು 1955ರಲ್ಲಿ. ಆಕೆಯ ಕೆಲಸದಿಂದ ಮನೆಯಲ್ಲಿ ಜೈಲು ಸೇರಿದವನು ಯಾರು ಎಂದರೆ ಅವನೊಬ್ಬನೇ, ಅದೂ ತಮ್ಮವರ ಜೈಲು.

ಬರ್ಲಿನ್‌ನಲ್ಲಿ ಉರ್ಸುಲಾ ಗುಪ್ತಚರ ಕೆಲಸ ಬಿಟ್ಟು ಸರಕಾರಿ ಕಚೇರಿ ಸೇರಿದಳು. 1953ರಲ್ಲಿ ಆ ಕೆಲಸವೂ ಹೋಯಿತು. ತಿಜೋರಿಗೆ ಬೀಗ ಹಾಕಲು ಮರೆತಳು ಎಂಬುದು ಕಾರಣ! ವರ್ಷಗಟ್ಟಲೆ ಟ್ರಾನ್ಸ್‌ಮಿಟರ್ ಬಚ್ಚಿಟ್ಟವಳು. ಆಮೇಲೆ ರೂತ್ ವರ್ನರ್ ಎಂಬ ಹೆಸರಿನಲ್ಲಿ ಬರೆಯತೊಡಗಿ ಆ ದೇಶದ ಜನಪ್ರಿಯ ಲೇಖಕಿಯಾದಳು.

ಆಕೆಯ ಆತ್ಮಕಥೆ ಬಂದದ್ದು 1977ರಲ್ಲಿ. ಮಕ್ಕಳಿಗೆ ತಮ್ಮ ಬಾಲ್ಯದ ನಿಜವಾದ ಹಿನ್ನೆಲೆ ವಿವರವಾಗಿ ತಿಳಿದದ್ದು ಆ ಬರಹದಿಂದಲೇ. ಶಾಂಘೈ, ಮುಕ್ಡೆನ್, ಓಲೊ ಎಲ್ಲ ಅದರಲ್ಲಿತ್ತು. ಫುಕ್ಸ್ ಇರಲಿಲ್ಲ, ಆ ಹೆಸರು ಎತ್ತಲು ಆಗಿನ್ನೂ ಅನುಮತಿ ಇರಲಿಲ್ಲ. ಅವನ ಭೇಟಿಗಳ ವಿವರ ಸೇರಿದ್ದು 1991ರ ಇಂಗ್ಲಿಷ್ ಆವೃತ್ತಿಯಲ್ಲಿ. ಅಷ್ಟು ಹೊತ್ತಿಗೆ ಪೂರ್ವ ಜರ್ಮನಿ ಎಂಬ ದೇಶವೇ ಇರಲಿಲ್ಲ. ಫುಕ್ಸ್ ಸತ್ತು ಮೂರು ವರ್ಷವಾಗಿತ್ತು, ಪೀಟರ್‌ಗೆ ಐವತ್ತು ಹತ್ತಿರ ಬಂದಿತ್ತು.